ಸೋರುವವರೆಗೆ ಕಾಯಿರಿ: ಹೊಸ ಇಂಜಿನಿಯರಿಗೊಂದು ಕೈಪಿಡಿ

ಬೆಂಗಳೂರಿನ ಕಟ್ಟಡಗಳ ಉಪವಿಭಾಗಕ್ಕೆ ಹೊಸದಾಗಿ ವರದಿ ಮಾಡಿಕೊಂಡ ಸಹಾಯಕ ಇಂಜಿನಿಯರರೇ, ಸ್ವಾಗತ. ಮಿಕ್ಸಿ ಕೊಂಡರೂ ಜೊತೆಗೊಂದು ಕೈಪಿಡಿ ಬರುತ್ತದೆ. ಸರ್ಕಾರಿ ಕಟ್ಟಡಕ್ಕೆ ಅದಿಲ್ಲ. ಮೂಲ ನಕ್ಷೆ ಸಿಕ್ಕರೆ ನಿಮ್ಮ ಪುಣ್ಯ. ಈ ಹಾಳೆಯನ್ನು ಮೇಜಿನ ಗಾಜಿನಡಿ ಇಟ್ಟುಕೊಳ್ಳಿ.

ಹಂತ 1: ಅಡಿಗಲ್ಲು

ಗ್ರಾನೈಟ್ ಫಲಕದಿಂದ ಶುರುಮಾಡಿ. ಜಾಗದ ತಕರಾರು ಆಮೇಲೆ ನೋಡಿಕೊಳ್ಳಬಹುದು. ಹೆಸರುಗಳ ಕ್ರಮ, ಅಕ್ಷರಗಳ ಗಾತ್ರ ಶಿಷ್ಟಾಚಾರದಂತೆ ಇರಲಿ. ಇಡೀ ಕಾಮಗಾರಿಯಲ್ಲಿ ಅಳತೆ ತಪ್ಪಬಾರದ ಜಾಗ ಇದೊಂದೇ.

ಕಲ್ಲು ನೆಟ್ಟ ಮೇಲೆ ನಕ್ಷೆ ಬದಲಾದರೆ ಗಾಬರಿಬೀಳಬೇಡಿ. 1951ರ ಜುಲೈ 13ರಂದು ನೆಹರೂ ವಿಧಾನಸೌಧಕ್ಕೆ ಶಂಕುಸ್ಥಾಪನೆ ಮಾಡಿದಾಗ ಕಾಗದದ ಮೇಲಿದ್ದದ್ದು ಇನ್ನೂ ಸಾದಾ ಕಟ್ಟಡ. ಮರುವರ್ಷ ಮುಖ್ಯಮಂತ್ರಿಯಾದ ಕೆಂಗಲ್ ಹನುಮಂತಯ್ಯನವರು ಅದನ್ನು ಗ್ರಾನೈಟಿನ ಅರಮನೆಯಾಗಿ ಬೆಳೆಸಿದರು. ಕೈದಿಗಳೂ ಅಲ್ಲಿ ದುಡಿದರು, ಖರ್ಚಿನ ಬಗ್ಗೆ ಗದ್ದಲವೂ ಆಯಿತು, 1956ಕ್ಕೆ ಕಟ್ಟಡ ಎದ್ದು ನಿಂತಿತು. ನಿಮ್ಮ ಪರಿಷ್ಕೃತ ಅಂದಾಜಿಗೆ ಆಕ್ಷೇಪ ಬಂದಾಗ ಈ ಉದಾಹರಣೆ ಕೊಡಿ. ಆ ಕಲ್ಲಿನ ಕೆಲಸ ಇವತ್ತಿಗೂ ಹೇಗಿದೆ ಎಂಬ ವಿಷಯ ಮಾತ್ರ ಎತ್ತಬೇಡಿ. ಮಾತು ನಿಮ್ಮ ಪ್ಲಾಸ್ಟರಿನ ಕಡೆ ತಿರುಗೀತು.

ಹಂತ 2: ಜಾಗ ಸಾಲದಂತೆ ನೋಡಿಕೊಳ್ಳುವುದು

ಊರು ಬೆಳೆಯುವ ವೇಗಕ್ಕೆ ಯಾವ ಕಚೇರಿಯೂ ಸಾಲದು ಎಂಬುದು ಇಲ್ಲಿ 1860ರ ದಶಕದಿಂದಲೇ ಗೊತ್ತಿರುವ ಸಂಗತಿ. 18 ಇಲಾಖೆಗಳಿಗೆಂದು ಅಠಾರ ಕಚೇರಿ ಕಟ್ಟಿದರು. ಅದು ಸಾಲದೆ ವಿಧಾನಸೌಧ, ಅದೂ ಸಾಲದೆ ಬಹುಮಹಡಿ ಕಟ್ಟಡ, 2005ಕ್ಕೆ ವಿಕಾಸಸೌಧ, ಮಿಕ್ಕವರು ಬಾಡಿಗೆಗೆ. ನಿಮ್ಮ ಕಟ್ಟಡದಲ್ಲಿ ಇಕ್ಕಟ್ಟಾದರೆ ತಾರಸಿಯ ಮೇಲೆ ಶೀಟು ಹೊದಿಸಿ. ಮೆಟ್ಟಿಲಿನ ಅಡಿ ಕಡತಗಳಿಗೆ, ಕಾರಿಡಾರು ಮುರಿದ ಕುರ್ಚಿಗಳಿಗೆ. ತುರ್ತು ನಿರ್ಗಮನದ ಬಾಗಿಲ ಮುಂದೆ ಬೀರು ಇಡುವುದು ವಾಡಿಕೆ.

ಹಂತ 3: ಬಣ್ಣ, ಆಮೇಲೆ ವೈರು

ಸಿವಿಲ್‌ನವರು ಬಣ್ಣ ಬಳಿದು ಫೋಟೊ ತೆಗೆದ ಮೇಲೆಯೇ ಎಲೆಕ್ಟ್ರಿಕಲ್‌ನವರು ಗೋಡೆ ಕೊರೆಯಬೇಕು. ಅವರದು ಬೇರೆ ವಿಭಾಗ, ಬೇರೆ ಟೆಂಡರು. ನೀರಿನ ಪೈಪಿನವರು ಕೊನೆಗೆ ಬರುತ್ತಾರೆ, ಮತ್ತು ಹೊಸ ಟೈಲ್ಸ್ ಹಾಕಿದ ಕಡೆಯೇ ಅಗೆಯುತ್ತಾರೆ.

ಹಂತ 4: ಸೋರಿಕೆಯ ಲೆಕ್ಕಶೀರ್ಷಿಕೆ

ಇದನ್ನು ಬಾಯಿಪಾಠ ಮಾಡಿ. ಸರ್ಕಾರದ ಲೆಕ್ಕದಲ್ಲಿ 2059 ಎಂದರೆ ಲೋಕೋಪಯೋಗಿಯ ರಾಜಸ್ವ ವೆಚ್ಚ. ರಿಪೇರಿ, ನಿರ್ವಹಣೆ ಅಲ್ಲಿ ಬರುತ್ತವೆ. 4059 ಎಂದರೆ ಬಂಡವಾಳ ವೆಚ್ಚ. ಹೊಸ ಕಟ್ಟಡ ಅಲ್ಲಿ. ಮೊದಲಿನ ಒಂದು ಅಂಕಿಯಷ್ಟೇ ವ್ಯತ್ಯಾಸ, ಆದರೆ ಕಟ್ಟಡದ ಹಣೆಬರಹವೆಲ್ಲ ಅದರಲ್ಲಿದೆ. 4059ಕ್ಕೆ ಅಡಿಗಲ್ಲು ಉಂಟು, ರಿಬ್ಬನ್ ಉಂಟು, ಹಾರ ಉಂಟು. ಮಳೆನೀರಿನ ಕೊಳವೆಯಿಂದ ಎಲೆ ತೆಗೆಸಿದ್ದಕ್ಕೆ ಈವರೆಗೆ ಯಾವ ಸಚಿವರೂ ಟೇಪು ಕತ್ತರಿಸಿಲ್ಲ. ಹಾಗಾಗಿ ಆ ಎಲೆ ಅಲ್ಲೇ ಇರಲಿ. ಎಲೆ ಕೊಳೆತು ಕೊಳವೆ ಕಟ್ಟುತ್ತದೆ, ತಾರಸಿಯಲ್ಲಿ ನೀರು ನಿಲ್ಲುತ್ತದೆ, ಸ್ಲ್ಯಾಬಿನೊಳಗಿನ ಕಬ್ಬಿಣ ತುಕ್ಕು ಹಿಡಿದು ಉಬ್ಬುತ್ತದೆ, ಕಾಂಕ್ರೀಟು ಹಕ್ಕಳೆಯಾಗಿ ಕೆಳಗೆ ಕೂತ ಗುಮಾಸ್ತರ ಫೈಲಿನ ಮೇಲೆ ಬೀಳುತ್ತದೆ. ಈಗ ಕಟ್ಟಡ ‘ಶಿಥಿಲ’. ಪ್ರಮಾಣಪತ್ರ ಬರೆಯಿರಿ. ಒಬ್ಬ ಕೂಲಿಯಾಳು ಒಂದು ಬೆಳಿಗ್ಗೆಯಲ್ಲಿ ಮುಗಿಸುತ್ತಿದ್ದ ಕೆಲಸ 2059ರ ಬಡತನದಿಂದ ಪಾರಾಗಿ 4059ರ ಸಿರಿವಂತಿಕೆಗೆ ಬಡ್ತಿ ಪಡೆಯಿತು.

ಎಚ್ಚರಿಕೆ: ಈ ಹಂತದಲ್ಲಿ ಕೆಳಗೆ ಜನ ಇರಬಾರದು. ಮೈಸೂರಿನ ಲ್ಯಾನ್ಸ್‌ಡೌನ್ ಕಟ್ಟಡದಲ್ಲಿ ಇದ್ದರು. 2012ರ ಆಗಸ್ಟಿನಲ್ಲಿ ಅದರ ಒಂದು ಭಾಗ ಕುಸಿದು ನಾಲ್ವರು ಸತ್ತರು. ನಾಲ್ಕು ವರ್ಷದ ಮೇಲೆ, ಅದೇ ಆಗಸ್ಟಿನಲ್ಲಿ, ಕೂಗಳತೆಯ ದೂರದ ದೇವರಾಜ ಮಾರುಕಟ್ಟೆಯ ಒಂದು ಭಾಗವೂ ಬಿತ್ತು. ಉಳಿಸಬೇಕೋ ಕೆಡವಬೇಕೋ ಎಂದು ಆಮೇಲೆ ವರ್ಷಗಟ್ಟಲೆ ವಾದ ನಡೆಯಿತು. ಎರಡು ಕಡೆಯೂ ತಜ್ಞರಿದ್ದರು. ಬೀಳುವ ಮೊದಲು ಏಣಿ ಹಾಕಿ ಹತ್ತುವವರು ಬೇಕಿತ್ತು.

ಕೆಡವಲು ಹೊರಟರೆ ನಾಗರಿಕರು ತಡೆಯಲೂಬಹುದು. 1980ರ ದಶಕದಲ್ಲಿ ಅಠಾರ ಕಚೇರಿಯನ್ನೇ ಒಡೆಯುವ ಪ್ರಸ್ತಾವ ಬಂದಾಗ ಕೆಲವರು ಹೈಕೋರ್ಟಿಗೆ ಹೋದರು. ಹೈಕೋರ್ಟು ಇದ್ದದ್ದು ಆ ಕಟ್ಟಡದಲ್ಲೇ! ಕೆಂಪು ಕಟ್ಟಡ ಉಳಿಯಿತು. ನಿಮ್ಮ ತಾಲ್ಲೂಕು ಕಚೇರಿಗೆ ಅಂಥ ಅದೃಷ್ಟ ಇರಲಾರದು.

ಹಂತ 5: ಮಾರ್ಚ್

ಬಿಡುಗಡೆಯಾದ ಅನುದಾನ ಮಾರ್ಚ್ 31ಕ್ಕೆ ರದ್ದಾಗುತ್ತದೆ. ಆದ್ದರಿಂದ ಜೂನಿನಲ್ಲಿ ಸೋರಿದ್ದಕ್ಕೆ ಮುಂದಿನ ಮಾರ್ಚಿನ ಕಡುಬಿಸಿಲಲ್ಲಿ ಜಲನಿರೋಧಕ ಬಳಿಯಿರಿ. ಕೆಲಸ ಸರಿಯಾಯಿತೋ ಇಲ್ಲವೋ ಎಂದು ಪರೀಕ್ಷಿಸಲು ಆಗ ಆಕಾಶದಲ್ಲಿ ಒಂದು ಹನಿಯೂ ಇರುವುದಿಲ್ಲ. ಅಳತೆ ಪುಸ್ತಕ ತುಂಬಿ, ಬಿಲ್ಲು ಕಳಿಸಿ. ದೋಷ ಹೊಣೆಗಾರಿಕೆಯ ಅವಧಿ ಮುಗಿದ ಮರುದಿನ ಬಿರುಕು ಕಾಣಿಸಿಕೊಳ್ಳುವಷ್ಟು ಶಿಸ್ತು ನಮ್ಮ ಗೋಡೆಗಳಿಗಿದೆ. ದೊಡ್ಡ ಕೆಲಸವಾದರೆ 1999ರ ಪಾರದರ್ಶಕತೆ ಕಾಯ್ದೆ ಅಡ್ಡ ಬರುತ್ತದೆ; ಅದೇ ಕಾಯ್ದೆಯ ಒಳಗೆ 4(ಜಿ) ಎಂಬ ಹಿಂಬಾಗಿಲೂ ಇದೆ, ಟೆಂಡರಿನಿಂದ ವಿನಾಯಿತಿ ಕೇಳಿ.

ತೊಂದರೆ ನಿವಾರಣೆ

ಶೌಚಾಲಯ ಕೆಟ್ಟಿದೆ: ಬೀಗ ಹಾಕಿ, ‘ಸಿಬ್ಬಂದಿಗೆ ಮಾತ್ರ’ ಎಂದು ಬರೆಸಿ.

ಲಿಫ್ಟ್ ನಿಂತಿದೆ: ಪಿಂಚಣಿ ವಿಭಾಗ ಮೂರನೇ ಮಹಡಿಯಲ್ಲಿದೆಯೇ ನೋಡಿ. ಇರುತ್ತದೆ.

ಕೈಪಿಡಿಗೋಡೆಯಲ್ಲಿ ಅರಳಿ ಸಸಿ: ಎರಡೆಲೆ ಇದ್ದಾಗಲೇ ಕೀಳಿ. ತಡಮಾಡಿದರೆ ಯಾರಾದರೂ ಅರಿಶಿನ ಕುಂಕುಮ ಇಟ್ಟು ಹೋಗುತ್ತಾರೆ. ಆಮೇಲೆ ಮುಖ್ಯ ಇಂಜಿನಿಯರೂ ಅದನ್ನು ಮುಟ್ಟಲಾರರು.

ಹಂತ 6: ವರ್ಗಾವಣೆ

ಆದೇಶ ಬಂದ ದಿನ ಪ್ರಭಾರ ಪಟ್ಟಿ ಬರೆಯಿರಿ: ಮೇಜು, ಕುರ್ಚಿ, ಅಳತೆ ಪುಸ್ತಕಗಳು, ಕೀಲಿಗಳು. ತಾರಸಿಯ ಕೀಲಿ ಸಿಗದಿದ್ದರೆ ಹುಡುಕುತ್ತಾ ಕೂರಬೇಡಿ. ‘ಹಿಂದಿನ ಅಧಿಕಾರಿಯಿಂದ ಸ್ವೀಕೃತವಾಗಿಲ್ಲ’ ಎಂದು ನಮೂದಿಸಿ ಸಹಿ ಮಾಡಿ. ಅವರ ಪಟ್ಟಿಯಲ್ಲೂ ಹಾಗೇ ಇದೆ.