ಪಾಲಾರ್ ಸೀಮೆಯ ಶಾಲಾ ಗಣಕರಕ್ಷಾ ಶಾಸ್ತ್ರ: ಒಂದು ಪೀಠಿಕೆ

ಕಂಪ್ಯೂಟರನ್ನು ಕಳ್ಳರಿಂದ ಕಾಯಬೇಕಾದರೆ ಅದನ್ನು ಹೊರಗಿನ ಜಾಲಕ್ಕೆ ಜೋಡಿಸಲೇಬಾರದು ಎಂಬುದು ಲೋಕದ ಪಂಡಿತರೆಲ್ಲ ಒಪ್ಪಿದ ಪ್ರಮೇಯ. ಇದಕ್ಕೆ ಅವರು ಏರ್ ಗ್ಯಾಪ್ ಎನ್ನುತ್ತಾರೆ. ಇರಾನ್ ದೇಶ ನತಾಂಜ್‌ನ ಯುರೇನಿಯಂ ಘಟಕವನ್ನು ಹೀಗೆಯೇ ಕಾಯುತ್ತಿತ್ತು. ಆದರೂ ಸ್ಟಕ್ಸ್‌ನೆಟ್ ಎಂಬ ಹುಳು ಒಳಹೊಕ್ಕಿತು, 2010ರಲ್ಲಿ ಅದು ಬಯಲಿಗೆ ಬಂತು. ಪೆನ್‌ಡ್ರೈವಿನಲ್ಲಿ ಕೂತು ಹೋಗಿರಬೇಕೆಂದು ಬಲ್ಲವರ ಅಭಿಮತ. ನಮ್ಮ ಅಭಿಮತ ಬೇರೆ. ನತಾಂಜ್‌ನವರ ತಪ್ಪು ಪೆನ್‌ಡ್ರೈವಿನದಲ್ಲ. ಅವರು ಯಂತ್ರಕ್ಕೆ ಕರೆಂಟು ಕೊಟ್ಟಿದ್ದರು. ಮಲೆ ಮಹದೇಶ್ವರ ಬೆಟ್ಟದ ಸುತ್ತಿನ ನಮ್ಮ ಪಾಲಾರ್ ಸೀಮೆಯ ಕಾಡೊಳಗಿನ ಶಾಲೆಗಳಲ್ಲಿ ಅಂಥ ಅಜಾಗರೂಕತೆ ಅಪರೂಪ.

ಈ ರಕ್ಷಣಾ ನೀತಿ ಇಂದು ನಿನ್ನೆಯದೆಂದು ತಿಳಿಯಬಾರದು. ಕೊಳ್ಳೇಗಾಲದ ಮಗ್ಗುಲಲ್ಲೇ ಇರುವ ಶಿವನಸಮುದ್ರದಲ್ಲಿ 1902ರಲ್ಲಿ ಕಾವೇರಿಯಿಂದ ವಿದ್ಯುತ್ ತೆಗೆದರು. ತೆಗೆದದ್ದನ್ನು ನೇರ ಕೋಲಾರದ ಚಿನ್ನದ ಗಣಿಗೆ ಕಳಿಸಿದರು. ಆಗ ಕೊಳ್ಳೇಗಾಲ ಮದ್ರಾಸಿನ ಕೊಯಮತ್ತೂರು ಜಿಲ್ಲೆಯಲ್ಲಿತ್ತು. ಮೈಸೂರಿಗೆ ಬಂದು ಸೇರಿದ್ದು 1956ರಲ್ಲಿ. ಮುಂದೆಂದೋ ಬರಲಿರುವ ವೈರಸ್ಸುಗಳನ್ನು ಕಂಡೇ ಹಿರಿಯರು ಈ ಮಲೆಯನ್ನು ತಂತಿಯಿಂದ ದೂರ ಇಟ್ಟರೆಂದು ನಾವು ವಾದಿಸುತ್ತೇವೆ. ಇತಿಹಾಸಕಾರರು ಒಪ್ಪಲಿಕ್ಕಿಲ್ಲ. ಅವರಿಗೆ ದೂರದೃಷ್ಟಿ ಕಡಿಮೆ.

ಇಲ್ಲಿ ಪೂರ್ವಪಕ್ಷದವನೊಬ್ಬ ಎದ್ದು ನಿಲ್ಲುತ್ತಾನೆ: ಹೊತ್ತಿಸದ ಕಂಪ್ಯೂಟರು ಇದ್ದರೆಷ್ಟು, ಬಿಟ್ಟರೆಷ್ಟು? ಈತನಿಗೆ ದಾಸ್ತಾನು ಪುಸ್ತಕದ ಪರಿಚಯವಿಲ್ಲ. ರಾಜ್ಯದ ಶಾಲೆಗಳಿಗೆ ಕಂಪ್ಯೂಟರ್ ಕೊಡಲು ಈ ಶತಮಾನದ ಆರಂಭದಲ್ಲಿ ಮಾಹಿತಿ ಸಿಂಧು ಬಂತು, ಆಮೇಲೆ ಐಸಿಟಿ ಯೋಜನೆಯ ಹಂತಗಳು ಬಂದವು, 2016ರ ಹೊತ್ತಿಗೆ ಟಾಲ್ಪ್ ಬಂತು. ಗುತ್ತಿಗೆ ಮುಗಿದ ಕಡೆ ಹೇಳಿಕೊಡುವವರು ಹೋದರು, ಯಂತ್ರಗಳು ಉಳಿದವು. ಉಳಿದದ್ದಕ್ಕೆ ಲೆಕ್ಕ ಕೊಡಬೇಕು. ಆದ್ದರಿಂದ ಕೋಣೆಗೆ ಕಬ್ಬಿಣದ ಬಾಗಿಲು, ಬಾಗಿಲಿಗೆ ಬೀಗ. ಬೀಗದಕೈ ಹೆಡ್‌ಮಾಸ್ಟರ ಬೀರುವಿನಲ್ಲಿ, ಬೀರುವಿನ ಕೈ ಕ್ಲಸ್ಟರ್ ಮೀಟಿಂಗಿಗೆ ಹೋದ ಇನ್ನೊಬ್ಬ ಮೇಷ್ಟ್ರ ಜೇಬಿನಲ್ಲಿ. ದೊಡ್ಡ ಕಂಪನಿಗಳು ಎರಡು ಹಂತದ ದೃಢೀಕರಣವೆಂದು ಈಚೆಗೆ ಕಂಡುಕೊಂಡದ್ದು ಇದನ್ನೇ. ನಮ್ಮಲ್ಲಿ ಇಬ್ಬರೂ ಒಂದೇ ದಿನ ಊರಲ್ಲಿರಬೇಕು ಎಂಬ ಮೂರನೆಯ ಹಂತವೂ ಸೇರಿದೆ. ಇಲಿಗಳಿಗೆ ಮಾತ್ರ ಯಾವ ದೃಢೀಕರಣವೂ ಬೇಕಿಲ್ಲ. ವೈರು ಕಡಿಯುವ ಅವುಗಳ ಹಕ್ಕನ್ನು ಯಾವ ಸುತ್ತೋಲೆಯೂ ಕಿತ್ತುಕೊಂಡಿಲ್ಲ.

ಪಾಸ್‌ವರ್ಡಿನ ವಿಚಾರದಲ್ಲಿ ಎರಡು ಸಂಪ್ರದಾಯಗಳನ್ನು ಊಹಿಸಬಹುದು. ಹನೂರು ಕಡೆ ಮಾದಪ್ಪ@123, ಯಳಂದೂರು ಕಡೆ ರಂಗಪ್ಪ@123. ಗಡಿ ಎಲ್ಲಿ ಬೀಳುತ್ತದೆಂಬುದು ಮುಂದಿನ ಸಂಶೋಧಕರಿಗೆ ಬಿಟ್ಟದ್ದು. ಫ್ರಾನ್ಸಿನ ಟಿವಿ5 ಮಾಂಡ್ ವಾಹಿನಿಯ ಮೇಲೆ 2015ರಲ್ಲಿ ಸೈಬರ್ ದಾಳಿಯಾದಾಗ, ಅಲ್ಲಿನ ಪತ್ರಕರ್ತ ಸಂದರ್ಶನ ಕೊಡುತ್ತಿದ್ದಂತೆ ಹಿಂದಿನ ಗೋಡೆಯ ಚೀಟಿಗಳಲ್ಲಿ ಪಾಸ್‌ವರ್ಡುಗಳು ಕಂಡವು. ಜಗತ್ತು ನಕ್ಕಿತು. ಆ ಜಗತ್ತಿಗೆ ವರ್ಗಾವಣೆ ಕೌನ್ಸೆಲಿಂಗಿನ ಅನುಭವವಿಲ್ಲ. ಹೆಡ್‌ಮಾಸ್ಟರು ಹೋಗುತ್ತಾರೆ, ಗೋಡೆ ಉಳಿಯುತ್ತದೆ.

ಇನ್ನು ಶಾಸ್ತ್ರದ ಮುಖ್ಯ ಭಾಗ. ಹೀಗೆ ಯಂತ್ರವನ್ನು ಕಾಪಾಡಿದ ಮೇಲೆ ಮಕ್ಕಳ ಮಾಹಿತಿಯನ್ನು ಏನು ಮಾಡಬೇಕು? ಉತ್ತರ: ಹೊರಗೆ ಬಿಡಬೇಕು. ಸರ್ಕಾರದ ಆನ್‌ಲೈನ್ ದಾಖಲೆಯಾದ ಸ್ಯಾಟ್ಸ್‌ನಲ್ಲಿ ಮಗುವಿನ ಹೆಸರು ಏರಬೇಕು, ಶಾಲಾ ಅಂಕಿಅಂಶದ ಯುಡೈಸ್ ತುಂಬಬೇಕು, ವಿದ್ಯಾರ್ಥಿವೇತನಕ್ಕೆ ಎಸ್‌ಎಸ್‌ಪಿ, ಈಗ ಮಗುವಿನ ಗುರುತಿಗೆ ಅಪಾರ್ ಸಂಖ್ಯೆ ಬೇರೆ. ಬೀಗದೊಳಗಿನ ಯಂತ್ರ ಇದ್ಯಾವುದಕ್ಕೂ ಬಾರದು. ಆದ್ದರಿಂದ ಆಧಾರ್, ಜಾತಿ-ಆದಾಯ ಪ್ರಮಾಣಪತ್ರ, ಬ್ಯಾಂಕ್ ಪಾಸ್‌ಬುಕ್ಕು ಎಲ್ಲವೂ ಮೇಷ್ಟ್ರ ಸ್ವಂತ ಫೋನಿನಲ್ಲಿ ಫೋಟೋ ಆಗುತ್ತವೆ. ಅದೇ ಫೋನಿನಲ್ಲಿ ಅವರ ಮಗಳು ಆಟ ಆಡುತ್ತಾಳೆ. ಫೋಟೋ ವಾಟ್ಸಾಪ್ ಗುಂಪಿಗೆ, ಅಲ್ಲಿಂದ ಪೇಟೆಯ ಸೈಬರ್ ಸೆಂಟರಿಗೆ, ಅಲ್ಲಿಂದ ಡೌನ್‌ಲೋಡ್ಸ್ ಫೋಲ್ಡರಿಗೆ. ಆ ಫೋಲ್ಡರಿಗೆ ಕಬ್ಬಿಣದ ಬಾಗಿಲಿಲ್ಲ.

ಓಟಿಪಿಯ ಮೀಮಾಂಸೆಯೂ ಇಲ್ಲೇ ಬರುತ್ತದೆ. ನೆಟ್‌ವರ್ಕು ಸಿಗುವ ಬಂಡೆಯ ಮೇಲೆ ನಿಂತು ಮೇಷ್ಟ್ರು ಕೇಳುತ್ತಾರೆ:

‘ನಿಮ್ಮ ಫೋನಿಗೆ ನಂಬರ್ ಬಂತೇನಪ್ಪ?’

‘ಪೋನು ಮಗನ ತಾವ ಅದ ಸಾ, ಅವ ತಿರ್ಪೂರಲ್ಲಿ ಅವ್ನ.’

ಮಗನಿಗೆ ಕರೆ ಹೋಗುತ್ತದೆ. ಅವನು ಗಾರ್ಮೆಂಟಿನ ಪಾಳಿಯಲ್ಲಿದ್ದರೆ ಓಟಿಪಿ ಸಾಯುತ್ತದೆ, ಇನ್ನೊಂದು ಹುಟ್ಟುತ್ತದೆ. ಕೊನೆಗೆ ಯಾರಾದರೂ ಕೇಳಿದರೆ ನಂಬರು ಹೇಳಿಬಿಡುವುದೇ ಒಳ್ಳೆಯ ನಡತೆಯೆಂದು ಇಡೀ ಮನೆ ಕಲಿಯುತ್ತದೆ. ಮರುವಾರ ಬ್ಯಾಂಕಿನವನೆಂದು ಹೇಳಿಕೊಂಡು ಇನ್ನಾರೋ ಕರೆ ಮಾಡಿದಾಗ ಈ ಶಿಕ್ಷಣದ ಫಲ ಕಾಣುತ್ತದೆ. ನಗುವುದಕ್ಕೆ ಇದು ಜಾಗವಲ್ಲ. ಕಳೆದದ್ದು ನರೇಗಾ ಕೂಲಿ.

ಮೇಷ್ಟ್ರನ್ನು ಮಾತ್ರ ಹಳಿಯುವವರು ಮೇಲಕ್ಕೂ ನೋಡಬೇಕು. ಕೇಂದ್ರ ಸರ್ಕಾರದ ದೀಕ್ಷಾ ವೇದಿಕೆಯ ಕಡತಗಳು ಕ್ಲೌಡ್ ಸರ್ವರಿನಲ್ಲಿ ಕಾವಲಿಲ್ಲದೆ ಬಿದ್ದಿದ್ದವೆಂದೂ ಹತ್ತು ಲಕ್ಷಕ್ಕೂ ಹೆಚ್ಚು ಶಿಕ್ಷಕರ, ಸುಮಾರು ಆರು ಲಕ್ಷ ವಿದ್ಯಾರ್ಥಿಗಳ ವಿವರ ಬಯಲಾಗಿತ್ತೆಂದೂ ವೈರ್ಡ್ ಪತ್ರಿಕೆ 2023ರ ಜನವರಿಯಲ್ಲಿ ವರದಿ ಮಾಡಿತು. ದೆಹಲಿಯಲ್ಲಿ ಕರೆಂಟಿತ್ತು, ನೆಟ್‌ವರ್ಕಿತ್ತು, ಪಂಡಿತರೂ ಇದ್ದರು. ಬೀಗ ಇರಲಿಲ್ಲ. ನಮ್ಮಲ್ಲಿ ಬೀಗ ಒಂದಿದೆ. ಎರಡು ಶಾಸ್ತ್ರಗಳನ್ನು ಕೂಡಿಸಿದರೆ ಪೂರ್ಣವಾದೀತೆಂದು ತರ್ಕ ಹೇಳುತ್ತದೆ, ಟೆಂಡರು ಹೇಳುವುದಿಲ್ಲ.

ಸೈಬರ್ ಅವಘಡ ಕಂಡ 6 ಗಂಟೆಯೊಳಗೆ ವರದಿ ಮಾಡಬೇಕೆಂದು ಕೇಂದ್ರದ ಸೈಬರ್ ಸುರಕ್ಷಾ ಸಂಸ್ಥೆ ಸರ್ಟ್-ಇನ್ 2022ರಲ್ಲಿ ಆದೇಶಿಸಿದೆ. ಪಾಲಾರಿನಿಂದ ಬೆಟ್ಟ ಹತ್ತಿ, ಹನೂರಿನ ಬಸ್ಸು ಹಿಡಿದು, ಸೈಬರ್ ಸೆಂಟರಿನ ಸರದಿಯಲ್ಲಿ ನಿಂತು ಇದನ್ನು ಸಾಧಿಸುವುದು ಅಸಾಧ್ಯವೇನಲ್ಲ. ಆದರೆ ಅವಘಡ ಆಗಿರುವುದೇ ಆ ಸೈಬರ್ ಸೆಂಟರಿನಲ್ಲಾದರೆ ಸರದಿ ತುಸು ನಿಧಾನವಾಗಬಹುದು.

ಕೊನೆಯದು ದಂಡಪ್ರಕರಣ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ ಹದಿನೆಂಟು ತುಂಬದವರೆಲ್ಲ ಮಕ್ಕಳು. ಅವರ ಮಾಹಿತಿಯ ವಿಷಯದಲ್ಲಿ ತಪ್ಪಿದರೆ ದಂಡ 200 ಕೋಟಿ ರೂಪಾಯಿವರೆಗೆ. ಮೂವತ್ತಕ್ಕೂ ಹೆಚ್ಚು, ನೂರರವರೆಗೆ ಮಕ್ಕಳಿರುವ ಸರ್ಕಾರಿ ಶಾಲೆಗೆ ಸಮಗ್ರ ಶಿಕ್ಷಣದ ಮಾರ್ಗಸೂಚಿ ಗೊತ್ತುಮಾಡಿರುವ ವರ್ಷದ ಅನುದಾನ 25,000 ರೂಪಾಯಿ. ಸೀಮೆಸುಣ್ಣ, ಪೊರಕೆ ಯಾವುದಕ್ಕೂ ಖರ್ಚು ಮಾಡದೆ ಅಷ್ಟನ್ನೂ ದಂಡಕ್ಕೇ ಕಟ್ಟುತ್ತ ಹೋದರೆ ತೀರಲು 80,000 ವರ್ಷ ಬೇಕು.