ಹಸಿರು ದೀಪದ ಡಬ್ಬ

ಡಿಪ್ಲೊಮಾ ಪರೀಕ್ಷೆಯಲ್ಲಿ ಪವರ್ ಫ್ಯಾಕ್ಟರ್ ಪ್ರಶ್ನೆಗೆ ಹತ್ತಕ್ಕೆ ಹತ್ತು ತೆಗೆದ ತಲೆ ನನ್ನದು. ವೋಲ್ಟೇಜಿಗೂ ಕರೆಂಟಿಗೂ ನಡುವಿನ ಕೋನ ಫೈ, ಅದರ ಕೊಸೈನೇ ಪವರ್ ಫ್ಯಾಕ್ಟರ್. ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಹೇಳುತ್ತೇನೆ. ಅದಕ್ಕೇ ಇರಬೇಕು, ಜಾತ್ರೆಯಲ್ಲಿ ‘ಪವರ್ ಸೇವರ್’ ಮಾರುವವನು ಊರವರನ್ನೆಲ್ಲ ಬಿಟ್ಟು ನನ್ನನ್ನೇ ಹಿಡಿದ. ಏನೂ ಗೊತ್ತಿಲ್ಲದವರು ರೇಟು ಕೇಳಿ ಮುಂದೆ ಹೋಗುತ್ತಿದ್ದರು. ಅರ್ಧ ಗೊತ್ತಿದ್ದ ನಾನು ತಲೆಯಾಡಿಸುತ್ತ ನಿಂತೆ.

ಅವನು ಪುಟ್ಟ ಮೋಟಾರೊಂದನ್ನು ಚಾಲೂ ಮಾಡಿ ವೈರಿಗೆ ಟಾಂಗ್ ಟೆಸ್ಟರ್ ಕಚ್ಚಿಸಿದ. 1.1 ಆಂಪಿಯರ್. ಡಬ್ಬ ಸಿಕ್ಕಿಸಿದ, ಹಸಿರು ದೀಪ ಹತ್ತಿತು, 0.8! “ಒಳಗೆ ಕೆಪಾಸಿಟರ್ ಇದೆ, ಪವರ್ ಫ್ಯಾಕ್ಟರ್ ಸುಧಾರಿಸುತ್ತೆ” ಎಂದು ನೆರೆದವರಿಗೆ ವಿವರಿಸಿದ್ದು ಅವನಲ್ಲ, ನಾನು. ನನ್ನ ಪುಕ್ಕಟೆ ಭಾಷಣಕ್ಕೆ ಅವನ ಡಬ್ಬಗಳು ಬಿಸಿ ಮಿರ್ಚಿಯಂತೆ ಖರ್ಚಾದವು. ನನಗಾದರೂ ರಿಯಾಯಿತಿ ಕೊಟ್ಟನೇ? ಇಲ್ಲ.

ಬೇಸಿಗೆಯಲ್ಲಿ ನಮ್ಮ ಮನೆ 200 ಯೂನಿಟ್ಟಿನ ಗಡಿಯಲ್ಲೇ ತೂಗಾಡುತ್ತದೆ. ದಾಟಿತೋ, ಸರ್ಕಾರದ ಉಚಿತ ವಿದ್ಯುತ್ತಿನ ಗೃಹಜ್ಯೋತಿ ಆರಿ ಪೂರ್ತಿ ಬಿಲ್ಲು. ಡಬ್ಬದ ಧೈರ್ಯದಲ್ಲಿ ಫ್ಯಾನನ್ನು ಐದರಲ್ಲೇ ಇಟ್ಟು ಮಲಗಿದೆ. ಬಿಲ್ಲು ಪೂರ್ತಿ ಬಂತು. “ರೀ, ಉಳಿದದ್ದು ಯಾವ ಕಡೆ ಹೋಯ್ತು?” ಎಂದಳು ಮಡದಿ.

ಐಟಿಐ ಓದಿದ ಎಲೆಕ್ಟ್ರಿಷಿಯನ್ ಹುಡುಗ ಬಂದು ಡಬ್ಬ ಬಿಚ್ಚಿದ. ಒಂದು ಕೆಪಾಸಿಟರ್, ಒಂದು ಎಲ್‌ಇಡಿ, ತೂಕಕ್ಕೆಂದು ಮೆತ್ತಿದ ಪುಟ್ಟಿ. “ಸಾರ್, ಮೋಟಾರಿಗೆ ಅಯಸ್ಕಾಂತ ಆಗೋಕೆ ಬೇಕಾದ ಕರೆಂಟು ಕೈಸಾಲ ಇದ್ದಂಗೆ. ಇಸ್ಕೊಳ್ಳುತ್ತೆ, ವಾಪಸ್ ಕೊಡುತ್ತೆ, ಸೆಕೆಂಡಿಗೆ ನೂರು ಸಲ. ಆ ಓಡಾಟ ಕಮ್ಮಿಯಾದದ್ದನ್ನೇ ಟಾಂಗ್ ಟೆಸ್ಟರ್ ತೋರಿಸಿದ್ದು. ಮನೆ ಮೀಟರ್ ಓಡಾಟಕ್ಕೆ ದುಡ್ಡು ಕೇಳಲ್ಲ, ಖರ್ಚಾದ ಯೂನಿಟ್ಟಿಗೆ ಮಾತ್ರ ಕೇಳುತ್ತೆ.”

ಕಾರ್ಖಾನೆಯ ಮಾತು ಬೇರೆ. ಪವರ್ ಫ್ಯಾಕ್ಟರ್ 0.7 ಇದ್ದರೆ 7 ಕಿಲೋವ್ಯಾಟ್ ಕೆಲಸಕ್ಕೆ ಟ್ರಾನ್ಸ್‌ಫಾರ್ಮರ್ 10 ಕೆವಿಎ ಹೊರಬೇಕು. ಅದಕ್ಕೇ ಅಲ್ಲಿ ಬಿಲ್ಲಿನಲ್ಲಿ ದಂಡ, ಅದನ್ನು ತಪ್ಪಿಸಲು ಮೋಟಾರುಗಳಿಗೆ ಕೆಪಾಸಿಟರ್. ಇಷ್ಟೂ ನನ್ನ ಹತ್ತಂಕದ ಉತ್ತರದಲ್ಲೇ ಇತ್ತು! ಫ್ರಿಜ್ಜು ಆಫ್ ಆದಾಗ ನನ್ನ ಡಬ್ಬ ಒಂಟಿಯಾಗಿ ಕೂತು ತಾನೇ ಹೊಸ ಕೈಸಾಲ ಶುರು ಮಾಡುತ್ತಿತ್ತಂತೆ. ಹಸಿರು ದೀಪ ಉರಿಯಲು ತಗುಲಿದ ಚೂರುಪಾರು ಕರೆಂಟು ಮಾತ್ರ ಮೀಟರಿನ ಲೆಕ್ಕಕ್ಕೆ ಸರಿಯಾಗಿ ಸೇರಿತ್ತು.

ಜಾತ್ರೆಯಲ್ಲಿ ಇಂಥ ಡಬ್ಬ ಕಂಡರೆ ಮಾರುವವನನ್ನು ಒಂದೇ ಕೇಳಿ: “ಆಂಪಿಯರ್ ಇರಲಿ, ವ್ಯಾಟ್ ಎಷ್ಟು ಇಳೀತು ತೋರಿಸಪ್ಪ.” ಪಕ್ಕದಲ್ಲಿ ಯಾರಾದರೂ ಕಾಸ್ ಫೈ ವಿವರಿಸುತ್ತಿದ್ದರೆ, ದಯವಿಟ್ಟು ಕಿವಿಗೊಡಬೇಡಿ.