ಹೌಸಿಂಗ್ ನಿದಾನ: ಹಿಂಬದಿಯ ಸದ್ದುಗಳ ಶಾಸ್ತ್ರೀಯ ವರ್ಗೀಕರಣ

ಲಾರಿಯ ಹಿಂದೆ ಬಗ್ಗಿ ನೋಡಿದವರಿಗೆ ಎರಡು ಬದಿಯ ಗಾಲಿಗಳ ನಡುವೆ ಗುಂಡಗೆ ಉಬ್ಬಿದ, ಎಣ್ಣೆ ಜಿನುಗಿ ಧೂಳು ಮೆತ್ತಿಕೊಂಡ ಕಬ್ಬಿಣದ ಗೂಡೊಂದು ಕಾಣುತ್ತದೆ. ಲೋಕದಲ್ಲಿ ಇದಕ್ಕೆ ಹೌಸಿಂಗ್ ಎಂದು ಪ್ರಸಿದ್ಧಿ. ಒಳಗಿನ ನಿವಾಸಿಗಳು ಇವರು: ಇಂಜಿನ್ನಿನ ಕಡೆಯಿಂದ ಬಂದ ಶಾಫ್ಟಿನ ಕೊನೆಗೆ ಕೂತ ಟೇಲ್ ಪಿನಿಯನ್, ಅದು ತಿರುಗಿಸುವ ಕ್ರೌನ್ ವೀಲ್, ಕ್ರೌನಿನ ಒಡಲಲ್ಲಿ ಅಡಗಿದ ಸ್ಟಾರ್ ಗೇರುಗಳು, ಎಡಬಲಕ್ಕೆ ಚಾಚಿದ ಎರಡು ಆಕ್ಸಲ್. ಇವರೊಳಗಿನ ಜಗಳವನ್ನು ಹೊರಗಿನಿಂದಲೇ ಅರಿಯುವುದು ಈ ಶಾಸ್ತ್ರದ ವಿಷಯ. ದಾರಿಯಲ್ಲಿ ನಿಲ್ಲದೆ ಊರು ಸೇರುವುದು ಪ್ರಯೋಜನ. ಅಧಿಕಾರಿ ಯಾರೆಂದರೆ, ಡ್ರೈವರ್ ಮಧ್ಯಮಾಧಿಕಾರಿ, ಮೇಸ್ತ್ರಿ ಉತ್ತಮಾಧಿಕಾರಿ. ಮಾಲೀಕರಿಗೆ ಶಾಸ್ತ್ರದಲ್ಲಿ ಅಧಿಕಾರವಿಲ್ಲ, ಬಿಲ್ಲಿನಲ್ಲಿ ಮಾತ್ರ.

ಎರಡು ಗಾಲಿಗೆ ಒಂದೇ ಸರಳು ಹಾಕಿದ್ದರೆ ಸಾಲದಿತ್ತೇ ಎಂಬುದು ಪೂರ್ವಪಕ್ಷ. ಸಾಲದು. ಹಿಂದಿನ ಗಾಲಿಗಳ ನಡುವೆ 1.8 ಮೀಟರ್ ಅಂತರವಿರುವ ಲಾರಿ ಘಾಟಿಯಲ್ಲಿ ಪೂರ್ತಿ ಹಿಮ್ಮುಖವಾಗುವ ಒಂದು ತಿರುವು ತೆಗೆದುಕೊಂಡರೆ, ಹೊರಗಿನ ಗಾಲಿ ಒಳಗಿನದಕ್ಕಿಂತ ಸುಮಾರು 5.65 ಮೀಟರ್ ಹೆಚ್ಚು ಉರುಳಬೇಕು. ತಿರುವು ವಿಶಾಲವಿರಲಿ, ಇಕ್ಕಟ್ಟಿರಲಿ, ಈ ಲೆಕ್ಕ ಬದಲಾಗದು. ಈ ವ್ಯತ್ಯಾಸವನ್ನು ನುಂಗುವ ಡಿಫರೆನ್ಷಿಯಲ್ಲನ್ನು ಫ್ರಾನ್ಸಿನ ಒನೆಸಿಫೋರ್ ಪೆಕ್ಯೂರ್ 1827ರಲ್ಲಿ ಉಗಿಗಾಡಿಗೆಂದು ರೂಪಿಸಿದ. ಅವನು ಕೆಸರನ್ನು ಲೆಕ್ಕಕ್ಕೆ ಹಿಡಿದಂತೆ ಕಾಣುವುದಿಲ್ಲ.

ಇನ್ನು ನಾದಪ್ರಕರಣ. ಅಲ್ಪಜ್ಞರು “ಎಂಥಾ ಸದ್ದು?” ಎಂದು ಕೇಳುತ್ತಾರೆ. ಆಗ ಡ್ರೈವರ್ ತುಟಿ ಮುಂದೆ ಮಾಡಿ ಊಳಿಡುತ್ತಾನೆ, ಹಲ್ಲು ಕಡಿಯುತ್ತಾನೆ, ಸುತ್ತಲಿದ್ದವರು ನಗುತ್ತಾರೆ, ಕಾಯಿಲೆ ಮಾತ್ರ ತಿಳಿಯುವುದಿಲ್ಲ. ಬಲ್ಲ ಮೇಸ್ತ್ರಿ ಕೇಳುವುದು “ಯಾವಾಗ ಬರ್ತದೆ?” ಎಂದು. ಕಾಲಭೇದದಿಂದ ಸದ್ದು ನಾಲ್ಕು ವಿಧ.

ಮೊದಲನೆಯದು ಭಾರಾಶ್ರಿತ. ಆಕ್ಸಿಲರೇಟರ್ ಒತ್ತಿದಾಗ ಕೂಗಿ, ಬಿಟ್ಟಾಗ ಸುಮ್ಮನಾಗುವುದು, ಅಥವಾ ಇದರ ತದ್ವಿರುದ್ಧ. ಇದು ಕ್ರೌನ್-ಪಿನಿಯನ್ ಹಲ್ಲಿನ ತಕರಾರು. ಒತ್ತಿದಾಗ ಹಲ್ಲಿನ ಒಂದು ಮುಖ, ಬಿಟ್ಟಾಗ ಇನ್ನೊಂದು ಮುಖ ಕೆಲಸ ಮಾಡುವುದರಿಂದ ಸವೆದ ಮುಖ ಯಾವುದೆಂದು ಕಾಲ ಬೆರಳೇ ಹೇಳುತ್ತದೆ. ಎರಡನೆಯದು ವೇಗಾಶ್ರಿತ. ಹೊರೆ ಏರಲಿ ಇಳಿಯಲಿ, ವೇಗಕ್ಕೆ ತಕ್ಕಂತೆ ಗೊರಗುಟ್ಟುವುದು, ಇದು ಬೇರಿಂಗ್. ಇಲ್ಲಿ ಟೈರೆಂಬ ವೇಷಧಾರಿಯ ಬಗ್ಗೆ ಎಚ್ಚರವಿರಲಿ. ಡಾಂಬರು ಮುಗಿದು ಶಿರಾಡಿ ಘಾಟಿಯ ಕಾಂಕ್ರೀಟ್ ಹತ್ತಿದೊಡನೆ ಸ್ವರ ಬದಲಾದರೆ ಹೌಸಿಂಗ್ ನಿರಪರಾಧಿ. ಮೂರನೆಯದು ತಿರುವಾಶ್ರಿತ. ನೇರ ದಾರಿಯಲ್ಲಿ ಸ್ಟಾರ್ ಗೇರುಗಳು ತಮ್ಮ ಪಿನ್ನಿನ ಮೇಲೆ ತಿರುಗುವುದೇ ಇಲ್ಲ, ತಿರುವಿನಲ್ಲಷ್ಟೇ ಅವಕ್ಕೆ ಕೆಲಸ. ಹಾಗಾಗಿ ತಿರುವಿನಲ್ಲಷ್ಟೇ ಕಟಕಟ ಎಂದರೆ ಅವರನ್ನೇ ಮೊದಲು ವಿಚಾರಿಸಬೇಕು. ನಾಲ್ಕನೆಯದು ಸಂಧ್ಯಾಶ್ರಿತ. ಕ್ಲಚ್ ಬಿಡುವ ಗಳಿಗೆಯಲ್ಲಿ ‘ಢಣ್’ ಎಂದು ಒಂದೇ ಏಟು. ಹೌಸಿಂಗ್ ಬಿಚ್ಚುವ ಮೊದಲು ಶಾಫ್ಟಿನ ಕೀಲಾದ ಕ್ರಾಸ್ ಅಲುಗಾಡಿಸಿ ನೋಡಿ. ಅಗ್ಗದ ಪಾಪಿಯನ್ನು ಮೊದಲು ಹಿಡಿಯುವುದು ಈ ಶಾಸ್ತ್ರದ ಶಿಷ್ಟಾಚಾರ.

ಇವೆಲ್ಲಕ್ಕಿಂತ ರಸವತ್ತಾದದ್ದು ಉಪವಿಧವಾದ ‘ಟಕ್’. ಕ್ರೌನಿಗೆ 41 ಹಲ್ಲು, ಪಿನಿಯನ್ನಿಗೆ 6 ಹಲ್ಲು ಇರುವ ಜೋಡಿಯನ್ನು ಉದಾಹರಣೆಗೆ ಹಿಡಿಯೋಣ. ಗಾಲಿ ಒಂದು ಸುತ್ತು ಬರುವಷ್ಟರಲ್ಲಿ ಪಿನಿಯನ್ 6.83 ಸುತ್ತು ಬಂದಿರುತ್ತದೆ. ಲಾರಿಯನ್ನು ನೇರಕ್ಕೆ ಆಮೆನಡಿಗೆಯಲ್ಲಿ ಬಿಟ್ಟು, ಟೈರಿಗೆ ಸುಣ್ಣದ ಗುರುತು ಹಾಕಿ, ಕ್ಲೀನರ್ ಪಕ್ಕದಲ್ಲಿ ನಡೆಯುತ್ತ ಎಣಿಸಲಿ. ಸುತ್ತಿಗೊಂದು ಟಕ್ ಆದರೆ ಕ್ರೌನಿನ ಹಲ್ಲು ಮುರಿದಿದೆ. ಸುತ್ತಿಗೆ ಹತ್ತಿರ ಹತ್ತಿರ ಏಳಾದರೆ ಪಿನಿಯನ್ನಿನದು. ಒಂದು ಸ್ಪ್ಯಾನರನ್ನೂ ಮುಟ್ಟದೆ ಬಂದ ತೀರ್ಪು ಇದು. ನನ್ನ ಮಟ್ಟಿಗೆ ಇಡೀ ಶಾಸ್ತ್ರದಲ್ಲಿ ಇದಕ್ಕಿಂತ ಸೊಗಸಾದ ಪ್ರಮಾಣವಿಲ್ಲ.

ತೀರ್ಪು ಬಂದೊಡನೆ ಮಾಲೀಕರ ವಾದ ಶುರು: “ಪಿನಿಯನ್ ಹೋಗಿದ್ರೆ ಪಿನಿಯನ್ ಒಂದೇ ಹಾಕಿ, ಕ್ರೌನ್ ಯಾಕ್ರೀ?” ಕಾರ್ಖಾನೆಯಲ್ಲಿ ಇವೆರಡನ್ನೂ ಒಟ್ಟಿಗೆ ಮಸೆದು, ಜೋಡಿ ನಂಬರ್ ಕೆತ್ತಿ ಕಳಿಸಿರುತ್ತಾರೆ. ಹಳೆಯದಕ್ಕೆ ಹೊಸದನ್ನು ಕೂಡಿಸಿದರೆ ಕೂಗು ತಪ್ಪದು. ಜೋಡಿ ಕೂರಿಸುವಾಗಲೂ ಕ್ರೌನಿನ ಹಲ್ಲಿಗೆ ಬಣ್ಣ ಸವರಿ, ತಿರುಗಿಸಿ, ಪಿನಿಯನ್ ಎಲ್ಲಿ ಒರೆಸಿದೆ ಎಂದು ನೋಡಬೇಕು. ಗುರುತು ಹಲ್ಲಿನ ತುದಿಯಲ್ಲಿ ಬಿದ್ದರೆ ಪಿನಿಯನ್ ದೂರ ಕೂತಿದೆ, ಬುಡದಲ್ಲಿ ಬಿದ್ದರೆ ಮೈಮೇಲೆ ಬಿದ್ದಿದೆ. ಶಿಮ್ಮೆಂಬ ತೆಳು ತಗಡುಗಳನ್ನು ಹಾಕಿ ತೆಗೆದು ಸರಿಮಾಡುವ ಈ ಕೆಲಸಕ್ಕೆ ಅರ್ಧ ದಿನ ಹಿಡಿಯುತ್ತದೆ. ಹೆಬ್ಬೆರಳಲ್ಲಿ ಅಲುಗಿಸಿ “ಪ್ಲೇ ಸರಿ ಐತೆ” ಎನ್ನುವವರನ್ನು ಶಾಸ್ತ್ರ ಚಾರ್ವಾಕರೆಂದು ಕರೆಯುತ್ತದೆ.

ತೈಲಪ್ರಕರಣ ಸಣ್ಣದು. ಕ್ರೌನ್-ಪಿನಿಯನ್ ಹೈಪಾಯ್ಡ್ ಜಾತಿಯದಾದರೆ ಅದರ ಹಲ್ಲು ಉರುಳುವುದರ ಜೊತೆಗೆ ಜಾರುತ್ತದೆ, ಆದ್ದರಿಂದ ಜಿಎಲ್-5 ದರ್ಜೆಯ ಗೇರ್ ಆಯಿಲ್ಲೇ ಬೇಕು. ಮಟ್ಟ ನೆಲದಲ್ಲಿ ನಿಲ್ಲಿಸಿ, ತುಂಬುವ ತೂತಿನ ಅಂಚಿಗೆ ಬಂದರೆ ಸಾಕು. ಡ್ರೈನ್ ಪ್ಲಗ್ಗಿನ ಅಯಸ್ಕಾಂತದಲ್ಲಿ ಬೂದು ಲೇಪ ಅಂಟಿದ್ದರೆ ವಯೋಧರ್ಮ. ಬೆರಳಿಗೆ ಚುಚ್ಚುವ ಚೂರು ಸಿಕ್ಕರೆ ರೋಗ. ಆಯಿಲ್ ಹಾಲು ಹಾಕಿದ ಕಾಫಿಯಂತಿದ್ದರೆ ಹೌಸಿಂಗ್ ಹೊಳೆನೀರು ಕುಡಿದಿದೆ. ಮೇಲಿನ ಚಿಕ್ಕ ಬ್ರೀದರ್ ಕೆಸರಿನಿಂದ ಕಟ್ಟಿಕೊಂಡರೆ, ಬಿಸಿಯಾದ ಗಾಳಿ ಹೊರದಾರಿ ಕಾಣದೆ ಸೀಲಿನಲ್ಲಿ ಎಣ್ಣೆಯನ್ನು ನೂಕುತ್ತದೆ. ಅದು ಬ್ರೇಕ್ ಲೈನರಿಗೆ ತಲುಪುತ್ತದೆ, ಲಾರಿ ನಿಲ್ಲುವುದಿಲ್ಲ. ಸೀಲನ್ನು ಎಷ್ಟು ಸಲ ಬದಲಿಸಿದರೂ ಸೋರುವ ಹೌಸಿಂಗುಗಳ ಮೇಲೆ ಕೈಯಾಡಿಸಿ ನೋಡಿ: ಬ್ರೀದರ್ ಮುಚ್ಚಿರುತ್ತದೆ.

ಬೀಗಪ್ರಕರಣಕ್ಕೆ ಕೆಸರೇ ಮೂಲ. ಡಿಫರೆನ್ಷಿಯಲ್ ಎರಡು ಗಾಲಿಗೂ ಬಲವನ್ನು ಸಮಪಾಲು ಹಂಚುತ್ತದೆ. ಒಂದು ಗಾಲಿ ಕೆಸರಲ್ಲಿ ಬಲವೇ ಬೇಡವೆಂದರೆ ಇನ್ನೊಂದಕ್ಕೂ ಅಷ್ಟೇ ಸಿಗುತ್ತದೆ. ಗಟ್ಟಿ ನೆಲದ ಗಾಲಿ ನಿಂತಿರುತ್ತದೆ, ಕೆಸರಿನದು ಕ್ರೌನಿನ ಎರಡರಷ್ಟು ವೇಗದಲ್ಲಿ ಸುತ್ತುತ್ತದೆ. ಗದ್ದೆ ಉಳುವ ಟ್ರ್ಯಾಕ್ಟರಿನಲ್ಲಿ ಡಿಫ್ ಲಾಕಿಗೆ ಪೆಡಲ್ ಇರುತ್ತದೆ, ಟಿಪ್ಪರಿನಲ್ಲಿ ಸ್ವಿಚ್. ಸ್ವಿಚ್ ಒತ್ತಿದರೆ ಗಾಳಿಯ ಒತ್ತಡ ಹಲ್ಲಿನ ಕಪ್ಲಿಂಗನ್ನು ನೂಕಿ ಎರಡು ಆಕ್ಸಲ್ಲನ್ನೂ ಒಂದು ಮಾಡುತ್ತದೆ.

ಲಾಕ್ ಬಳಸುವ ಡ್ರೈವರುಗಳು ಮೂರು ಬಗೆ. ಸಂನ್ಯಾಸಿಯು ಅದನ್ನು ಮುಟ್ಟುವುದೇ ಇಲ್ಲ. ಒಂದು ದಿನ ಬೇಕಾದಾಗ ಕಪ್ಲಿಂಗ್ ತುಕ್ಕು ಹಿಡಿದು ಜರುಗದು. ಆತುರಗಾರ ಗಾಲಿ ಭರ್ರನೆ ಸುತ್ತುತ್ತಿರುವಾಗಲೇ ಒತ್ತಿ ಹಲ್ಲು ಉದುರಿಸುತ್ತಾನೆ. ನಿಲ್ಲಿಸಿ ಒತ್ತಬೇಕು, ಹಲ್ಲು ಕೂಡದಿದ್ದರೆ ಸ್ಟೇರಿಂಗ್ ತುಸು ಆಡಿಸಿ ತೆವಳಬೇಕು. ವಿಸ್ಮರಣಶೀಲ ಡಾಂಬರು ಹತ್ತಿದ ಮೇಲೂ ಬಿಡಿಸುವುದಿಲ್ಲ. ತಿರುವಿನಲ್ಲಿ ಲಾರಿ ನೇರಕ್ಕೇ ಹೋಗಲು ಹಟ ಹಿಡಿಯುತ್ತದೆ, ಟೈರು ಉಜ್ಜುತ್ತದೆ, ಕೊನೆಗೆ ಆಕ್ಸಲ್ ತುಂಡಾಗುತ್ತದೆ. ಸ್ವಿಚ್ ಬಿಟ್ಟರೂ ಲಾಕ್ ಕೂತಿದೆಯೆಂದು ತೋರಿಸುವ ದೀಪ ಆರದಿದ್ದರೆ ಆಕ್ಸಲ್ ತಿರುಚಿಕೊಂಡಿರುತ್ತದೆ. ಎಡಕ್ಕೂ ಬಲಕ್ಕೂ ಸ್ವಲ್ಪ ಹೊರಳಿಸುತ್ತ ನಿಧಾನ ಸಾಗಿದರೆ ಬಿಡುತ್ತದೆ. ಲಾಕ್ ಕೂತಿದೆಯೇ ಎಂದು ಪರೀಕ್ಷಿಸಲು ಮುಂದಿನ ಗಾಲಿಗೆ ಕಲ್ಲು ಕೊಟ್ಟು, ಹಿಂಬದಿಯ ಎರಡೂ ಕಡೆ ಎತ್ತಿ ಗಟ್ಟಿ ಸ್ಟ್ಯಾಂಡಿನ ಮೇಲಿಟ್ಟು, ಹ್ಯಾಂಡ್‌ಬ್ರೇಕ್ ಬಿಡಿಸಿ, ನ್ಯೂಟ್ರಲ್ಲಿನಲ್ಲಿ ಒಂದು ಗಾಲಿ ತಿರುಗಿಸಿ. ಇನ್ನೊಂದೂ ಜೊತೆಜೊತೆಗೇ ಅದೇ ದಿಕ್ಕಿಗೆ ತಿರುಗಬೇಕು.

ಕೆಟ್ಟ ಲಾರಿಯನ್ನು ಎಳೆದೊಯ್ಯುವ ವಿಧಿ ಒಂದಿದೆ. ಗಾಲಿ ತಿರುಗಿದರೆ ಗೇರ್‌ಬಾಕ್ಸಿನ ಹಿಂಭಾಗವೂ ತಿರುಗುತ್ತದೆ, ಇಂಜಿನ್ ಬಂದಾಗಿರುವುದರಿಂದ ಒಳಗೆ ಎಣ್ಣೆ ಏರುವುದಿಲ್ಲ. ಆದ್ದರಿಂದ ಆಕ್ಸಲ್ ಕಳಚಬೇಕು. ಭಾರವನ್ನು ಹೊರುವುದು ಹೌಸಿಂಗಿನ ಕೊಳವೆ, ಆಕ್ಸಲ್ಲಿಗೆ ಬರೀ ತಿರುಗಿಸುವ ಕೆಲಸ. ಹೀಗಾಗಿ ಜಾಕ್ ಇಲ್ಲದೆ, ಗಾಲಿ ಬಿಚ್ಚದೆ, ಹಬ್ಬಿನ ಮುಖದ ಬೋಲ್ಟು ಕಳಚಿ ಅದನ್ನು ಎಳೆದು ತೆಗೆಯಬಹುದು. ಬಾಯಿಗೆ ತಗಡು ಮುಚ್ಚಿ, ಕಸ ಒಳಹೋಗದಂತೆ ಬಿಗಿಯಿರಿ. ಕೆಲವು ಗಾಡಿಗಳಲ್ಲಿ ಎಡದ್ದು ಬಲದ್ದು ಉದ್ದ ಬೇರೆ, ಗುರುತು ಹಾಕಿಡಿ. ತೆಗೆದ ಆಕ್ಸಲ್ಲನ್ನು ರಸ್ತೆ ಬದಿ ಒರಗಿಸಿ ಚಹಾಕ್ಕೆ ಹೋಗಬೇಡಿ: ಗುಜರಿಯವರು ಅದನ್ನು ತೂಕದ ಮೇಲೆ ವರ್ಗೀಕರಿಸುತ್ತಾರೆ.